ಗಣಿತ, ಡ್ರಾಯಿಂಗ್ ಎರಡೂ ಹೋಗಿವೆ, ಮೆಕ್ಯಾನಿಕಲ್ ಡಿಪ್ಲೊಮಾ ಬಿಟ್ಟುಬಿಡಲೇ?

ಪ್ರಶ್ನೆ: ಸರ್, ನಾನು ಜಗಳೂರು ತಾಲ್ಲೂಕಿನ ಹಳ್ಳಿಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಮೊದಲ ಸೆಮಿಸ್ಟರ್‌ನಲ್ಲಿ ಗಣಿತ, ಡ್ರಾಯಿಂಗ್ ಎರಡೂ ಹೋದವು. ವರ್ಕ್‌ಶಾಪ್ ಮಾತ್ರ ಇಷ್ಟ, ಅದರಲ್ಲಿ ಒಳ್ಳೆ ಮಾರ್ಕ್ಸ್ ಬಂದಿದೆ. ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಅಪ್ಪ "ಇದು ನಿನ್ನ ಕೈಲಿ ಆಗಲ್ಲ, ಬಿಟ್ಟು ಐಟಿಐ ಸೇರು" ಅಂತಾರೆ. ಜೊತೆಯವರು ಮೆಕ್ಯಾನಿಕಲ್‌ಗೆ ಈಗ ಬೆಲೆ ಇಲ್ಲ, ಕಂಪ್ಯೂಟರ್ ಸೈನ್ಸ್ ತಗೋಬೇಕಿತ್ತು ಅಂತಾರೆ. ಮುಂದುವರಿಸಲೇ? ಹೇಗೆ ಓದಲಿ? ಮುಗಿದ ಮೇಲೆ ಬಿ.ಇ.ಗೆ ಹೋಗೋದಾ, ಕೆಲಸಕ್ಕಾ?

ಉತ್ತರ:

ಬಿಡಬೇಡ ತಮ್ಮ, ಮುಂದುವರಿಸು. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ಕಾರಣ ನಿನ್ನ ಪತ್ರದಲ್ಲೇ ಇದೆ. ವರ್ಕ್‌ಶಾಪ್ ಇಷ್ಟ, ಅದರಲ್ಲಿ ಮಾರ್ಕ್ಸ್ ಬಂದಿದೆ ಅಂತ ಬರೆದಿದ್ದೀಯ. ಫೈಲ್ ಹಿಡಿದು ಕಬ್ಬಿಣದ ಪೀಸಿನ ಮೈ ಸಮ ಮಾಡಿ, ಮೂಲೆ ನೇರ ಇದೆಯಾ ನೋಡುವ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು ನೋಡಿ, ಎಲ್ಲಿ ಬೆಳಕು ನುಸುಳುತ್ತದೋ ಅಲ್ಲಿ ಮತ್ತೆ ಉಜ್ಜುವ ತಾಳ್ಮೆ ನಿನಗಿದೆ. ಅಷ್ಟು ತಾಳ್ಮೆ ಇರುವವನಿಗೆ ಡ್ರಾಯಿಂಗ್ ಕಲಿಸಬಹುದು, ಗಣಿತವನ್ನೂ ಕಲಿಸಬಹುದು. ಆ ತಾಳ್ಮೆಯನ್ನೇ ಕಲಿಸೋದು ಮಾತ್ರ ಬಹಳ ಕಷ್ಟ. ನಾನು ಮೊದಲು ಹರಿಹರದ ಮಷಿನ್ ಶಾಪಿನಲ್ಲಿ ಕೆಲಸ ಮಾಡಿ, ಆಮೇಲೆ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದವನು. ಮೊದಲ ಸೆಮಿಸ್ಟರ್‌ನಲ್ಲಿ ಇದೇ ಎರಡು ಸಬ್ಜೆಕ್ಟಿನಲ್ಲಿ ಎಡವಿದ ಹುಡುಗರನ್ನು ಪ್ರತಿ ವರ್ಷ ನೋಡಿದ್ದೇನೆ. ಅವರಲ್ಲಿ ಎಷ್ಟೋ ಜನ ಈಗ ಒಳ್ಳೊಳ್ಳೆ ಕಡೆ ಇದ್ದಾರೆ.

ಮೊದಲು ಈ ಡಿಪ್ಲೊಮಾ ಯಾಕೆ ಇದೆ ಅನ್ನೋದನ್ನು ಅರ್ಥ ಮಾಡಿಕೊ. ಕಾರ್ಖಾನೆಯಲ್ಲಿ ಒಂದು ಕಡೆ ಡಿಸೈನ್ ಮಾಡುವವರು ಕೂತಿರುತ್ತಾರೆ. ಅವರು ಡ್ರಾಯಿಂಗ್ ಕಳಿಸುತ್ತಾರೆ. ಇನ್ನೊಂದು ಕಡೆ ಲೇತ್ (ಪೀಸನ್ನು ತಿರುಗಿಸುತ್ತಾ ಕತ್ತರಿಸುವ ಮೆಷಿನ್), ಮಿಲ್ಲಿಂಗ್, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಮೇಲೆ ಆಪರೇಟರ್ ನಿಂತಿರುತ್ತಾನೆ. ಅವನ ಕೈ ಚೆನ್ನಾಗಿ ಪಳಗಿರುತ್ತದೆ. ಆದರೆ ಡ್ರಾಯಿಂಗ್‌ನಲ್ಲಿ ಏನೋ ಅನುಮಾನ ಬಂದಾಗ, ಅಳತೆ ಕೂಡದಿದ್ದಾಗ, ಪೀಸ್ ರಿಜೆಕ್ಟ್ ಆದಾಗ ಅವನು ತಿರುಗಿ ನೋಡೋದು ಸೂಪರ್‌ವೈಸರ್ ಕಡೆಗೆ. ಬಹಳ ಕಡೆ ಆ ಸೂಪರ್‌ವೈಸರ್ ಡಿಪ್ಲೊಮಾ ಓದಿದವನೇ. ಡ್ರಾಯಿಂಗ್ ಓದಿ, ಅದನ್ನು ಆಪರೇಟರ್‌ಗೆ ಅವನ ಮಾತಿನಲ್ಲೇ ಬಿಡಿಸಿ ಹೇಳಿ, ಬಂದ ಪೀಸನ್ನು ಅಳೆದು ಸರಿ ಇದೆಯೋ ಇಲ್ಲವೋ ತೀರ್ಮಾನ ಮಾಡೋದು ನಿನ್ನ ಕೆಲಸ. ನಿನಗೆ ಸಂಬಳ ಸಿಗೋದು ಅದಕ್ಕೇ. ಹಾಗಾಗಿ ನಿನ್ನ ಎರಡು ಬಾಕಿ ಸಬ್ಜೆಕ್ಟ್‌ಗಳಲ್ಲಿ ಡ್ರಾಯಿಂಗನ್ನು ಮೊದಲು ಹಿಡಿ. ಡ್ರಾಯಿಂಗ್ ಬಂದವನಿಗೆ ಮುಂದಿನ ಮೆಷಿನ್ ಡಿಸೈನ್, ಪ್ರೊಡಕ್ಷನ್, ಸಿಎನ್‌ಸಿ ಎಲ್ಲವೂ ಹತ್ತಿರವಾಗುತ್ತವೆ. ಡ್ರಾಯಿಂಗ್ ಬರದವನು ಬೇರೆಲ್ಲದರಲ್ಲಿ ಎಷ್ಟು ಮಾರ್ಕ್ಸ್ ತಗೊಂಡರೂ ಶಾಪ್ ಫ್ಲೋರಿನಲ್ಲಿ ಮೊದಲ ವಾರವೇ ತಡವರಿಸುತ್ತಾನೆ.

ಡ್ರಾಯಿಂಗ್‌ನಲ್ಲಿ ಹುಡುಗರು ಸೋಲೋದು ಗೆರೆ ಎಳೆಯೋಕೆ ಬರದೆ ಅಂತ ನನಗೆ ಅನಿಸಿಲ್ಲ. ವಸ್ತು ಕಣ್ಣ ಮುಂದೆ ಬರದೆ ಸೋಲುತ್ತಾರೆ. ಬೋರ್ಡಿನ ಮೇಲೆ ಇರುವ ಚಿತ್ರವನ್ನು ಗೆರೆ ಗೆರೆಯಾಗಿ ಕಾಪಿ ಮಾಡುತ್ತಾರೆ. ಪರೀಕ್ಷೆಯಲ್ಲಿ ಚಿತ್ರ ಸ್ವಲ್ಪ ಬದಲಾದರೆ ಕೈ ನಿಂತುಹೋಗುತ್ತದೆ. ಈಗ ಬಹುಪಾಲು ಡ್ರಾಯಿಂಗ್ ಕಂಪ್ಯೂಟರಿನಲ್ಲೇ ಮಾಡುತ್ತಾರೆ ನಿಜ. ಆದರೆ ನಿನ್ನ ಮನಸ್ಸಿಗೆ ಕಾಣದ್ದನ್ನು ಕ್ಯಾಡ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್ ಕೂಡ ಬಿಡಿಸಿಕೊಡಲ್ಲ.

ಅದಕ್ಕೆ ಒಂದು ಉಪಾಯ ಹೇಳುತ್ತೇನೆ, ಇವತ್ತು ಸಂಜೆಯೇ ಮಾಡು. ಬಟ್ಟೆ ಸೋಪಿನ ಒಂದು ಬಾರ್ ತಗೋ. ಹಳೆ ಹ್ಯಾಕ್ಸಾ ಬ್ಲೇಡಿನಿಂದ 60 ಮಿ.ಮೀ. ಉದ್ದ, 40 ಮಿ.ಮೀ. ಅಗಲ, 30 ಮಿ.ಮೀ. ಎತ್ತರದ ತುಂಡು ಕೊಯ್ದುಕೊ. ಅಷ್ಟು ದೊಡ್ಡ ಸೋಪು ಸಿಗದಿದ್ದರೆ ಎಲ್ಲ ಅಳತೆಯನ್ನೂ ಅರ್ಧ ಮಾಡಿಕೊ. ಈಗ ಉದ್ದಕ್ಕೆ ನೋಡಿದಾಗ ಬಲಗಡೆ ಮೇಲಿನ ಭಾಗದಿಂದ 30 ಉದ್ದ, 15 ಎತ್ತರದ ತುಂಡನ್ನು ಪೂರ್ತಿ ಅಗಲಕ್ಕೂ ತೆಗೆದುಬಿಡು. ಎರಡು ಮೆಟ್ಟಿಲಿನ ಹಾಗೆ ಆಯಿತು, ಅಲ್ವಾ? ಅದನ್ನು ಮೇಜಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿ, ಸರಿಯಾಗಿ ಎದುರಿನಿಂದ ನೋಡು. ಎಲ್ ಅಕ್ಷರದ ಆಕಾರ ಕಾಣುತ್ತದೆ. ಅದು ಫ್ರಂಟ್ ವ್ಯೂ. ನೇರ ಮೇಲಿನಿಂದ ನೋಡು. 60ಕ್ಕೆ 40ರ ಆಯತ, ನಡುವೆ ಒಂದು ಗೆರೆ. ಅದು ಟಾಪ್ ವ್ಯೂ. ಈಗ ಎಡಗಡೆಗೆ ಹೋಗಿ, ಎತ್ತರ ಇರುವ ಬದಿಯಿಂದ ನೋಡು. 40ಕ್ಕೆ 30ರ ಆಯತ ಮಾತ್ರ ಕಾಣುತ್ತದೆ, ಮೆಟ್ಟಿಲು ಹಿಂದೆ ಮರೆಯಾಗಿದೆ. ಕಾಣದೇ ಇದ್ದರೂ ಅದು ಅಲ್ಲಿದೆ, ಅದಕ್ಕೇ ನಡುವೆ 15ರ ಎತ್ತರದಲ್ಲಿ ತುಂಡು ಗೆರೆ ಹಾಕುತ್ತೇವೆ. ಬಲಗಡೆಯಿಂದ ನೋಡಿದ್ದರೆ ಅದೇ ಗೆರೆ ಪೂರ್ತಿ ಗೆರೆ ಆಗುತ್ತಿತ್ತು. ಹಿಡನ್ ಲೈನ್ ಅಂದರೆ ಇಷ್ಟೇ. ಪುಸ್ತಕದ ಪುಟದಲ್ಲಿ ಎಷ್ಟು ಹೊತ್ತು ದಿಟ್ಟಿಸಿದರೂ ಹೊಳೆಯದ್ದು ಸೋಪು ಕೈಯಲ್ಲಿ ತಿರುಗಿಸಿದಾಗ ಹೊಳೆಯುತ್ತದೆ.

ಇನ್ನು ಯಾವ ವ್ಯೂ ಎಲ್ಲಿ ಹಾಕಬೇಕು ಅನ್ನೋ ಗೊಂದಲ. ನಮ್ಮ ದೇಶದಲ್ಲಿ ಕಲಿಸೋದು ಫಸ್ಟ್ ಆಂಗಲ್ ಪ್ರೊಜೆಕ್ಷನ್. ಇದರಲ್ಲಿ ಟಾಪ್ ವ್ಯೂ ಕೆಳಗೆ ಬರುತ್ತದೆ, ಎಡದಿಂದ ನೋಡಿದ ವ್ಯೂ ಬಲಕ್ಕೆ ಹೋಗುತ್ತದೆ. ಹುಡುಗರು ಇದನ್ನು ಕಂಠಪಾಠ ಮಾಡಿ ಪರೀಕ್ಷೆಯ ಗಾಬರಿಯಲ್ಲಿ ಅದಲು ಬದಲು ಮಾಡುತ್ತಾರೆ. ಕಂಠಪಾಠ ಬೇಡ. ಒಂದು ಶೂ ಡಬ್ಬದ ಮುಚ್ಚಳ, ಎದುರಿನ ಗೋಡೆ, ಎಡಗಡೆ ಗೋಡೆ ಕತ್ತರಿಸಿ ತೆಗಿ. ಹಿಂದಿನ ಗೋಡೆ, ನೆಲ, ಬಲಗಡೆ ಗೋಡೆ ಉಳಿಯಲಿ. ಸೋಪಿನ ತುಂಡನ್ನು ಒಳಗಿಡು. ಎದುರಿನಿಂದ ನೋಡಿದಾಗ ಅದರ ನೆರಳು ಹಿಂದಿನ ಗೋಡೆಗೆ ಬೀಳುತ್ತದೆ ಅಂದುಕೊ. ಮೇಲಿನಿಂದ ನೋಡಿದಾಗ ನೆಲಕ್ಕೆ ಬೀಳುತ್ತದೆ. ಎಡದಿಂದ ನೋಡಿದಾಗ ಬಲಗಡೆ ಗೋಡೆಗೆ ಬೀಳುತ್ತದೆ. ಈಗ ಸೋಪು ತೆಗೆದು ಡಬ್ಬದ ಅಂಚುಗಳನ್ನು ಬಿಡಿಸಿ, ಹಿಂದಿನ ಗೋಡೆಗೆ ಸಮನಾಗಿ ನೆಲವನ್ನು ಕೆಳಕ್ಕೆ, ಬಲಗಡೆ ಗೋಡೆಯನ್ನು ಬಲಕ್ಕೆ ಚಾಚು. ಟಾಪ್ ವ್ಯೂ ತಾನಾಗೇ ಕೆಳಗೆ ಬಂತು, ಎಡದ ವ್ಯೂ ತಾನಾಗೇ ಬಲಕ್ಕೆ ಹೋಯಿತು. ಒಮ್ಮೆ ಕೈಯಾರೆ ಮಾಡಿದವನು ಮತ್ತೆ ಮರೆಯಲ್ಲ. ದಿನಕ್ಕೆ ಒಂದೇ ಒಂದು ವಸ್ತು ಸಾಕು. ಬಾಗಿಲ ಚಿಲಕ, ಸೈಕಲ್ ಪೆಡಲ್, ಬೋರ್‌ವೆಲ್ ಪೈಪಿನ ಫ್ಲೇಂಜ್, ಯಾವುದಾದರೂ ಸರಿ. ಬರಿಗೈಯಲ್ಲಿ ಮೂರು ವ್ಯೂ ಬಿಡಿಸು, ಅಳತೆ ಹಾಕು.

ಮುಂದಿನ ಸೆಮಿಸ್ಟರ್‌ಗಳಲ್ಲಿ ಡ್ರಾಯಿಂಗ್ ಮೇಲೆ 25 ಎಚ್7 ಅನ್ನೋ ತರಹದ ಬರಹ ಬರುತ್ತದೆ. ಅದನ್ನು ಈಗಲೇ ಸ್ವಲ್ಪ ಹೇಳಿಬಿಡುತ್ತೇನೆ, ನನಗೆ ಬಹಳ ಇಷ್ಟವಾದ ವಿಷಯ. 25 ಮಿ.ಮೀ. ತೂತಿಗೆ ಎಚ್7 ಅಂತ ಇದ್ದರೆ ಆ ತೂತು 25.000ಕ್ಕಿಂತ ಚಿಕ್ಕದಿರಬಾರದು, 25.021ಕ್ಕಿಂತ ದೊಡ್ಡದಿರಬಾರದು. ಅದರೊಳಗೆ ಜಾರಿಕೊಂಡು ಹೋಗಬೇಕಾದ ಶಾಫ್ಟಿಗೆ ಜಿ6 ಅಂತ ಕೊಟ್ಟಿದ್ದರೆ ಅದು 24.993 ಮತ್ತು 24.980ರ ನಡುವೆ ಇರಬೇಕು. ಕಳೆದು ನೋಡು. ಎರಡರ ನಡುವಿನ ಸಂದು ಕಡಿಮೆ ಅಂದರೆ 7 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ), ಜಾಸ್ತಿ ಅಂದರೆ 41 ಮೈಕ್ರಾನ್. ತಲೆಕೂದಲಿನ ದಪ್ಪಕ್ಕಿಂತಲೂ ಕಡಿಮೆ. ಇದನ್ನು ವರ್ಕ್‌ಶಾಪಿನ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯೋಕೆ ಆಗುತ್ತಾ? ಅದರ ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ) 0.02 ಮಿ.ಮೀ., ಅಂದರೆ 20 ಮೈಕ್ರಾನ್. ನಿನಗೆ ಕೊಟ್ಟಿರುವ ಇಡೀ ಅವಕಾಶವೇ 21 ಮೈಕ್ರಾನ್! ಮೈಕ್ರೋಮೀಟರ್‌ನದು 0.01 ಮಿ.ಮೀ., ಅದೂ ಇಕ್ಕಟ್ಟೇ. ಅದಕ್ಕೇ ಇಂಥ ತೂತಿಗೆ ಶಾಪಿನಲ್ಲಿ ಪ್ಲಗ್ ಗೇಜ್ ಇಡುತ್ತಾರೆ. ಅದರ ಗೋ ತುದಿ ಒಳಗೆ ಹೋಗಬೇಕು, ನೋ ಗೋ ತುದಿ ಹೋಗಬಾರದು. ಈ ಒಂದು ಸಂಗತಿ ಗೊತ್ತಿರುವ ಹುಡುಗ ಇಂಟರ್‌ವ್ಯೂನಲ್ಲಿ ಬೇರೆಯೇ ಕಾಣುತ್ತಾನೆ. ಯಾಕೆಂದರೆ ಕ್ವಾಲಿಟಿ ವಿಭಾಗದವರ ದಿನ ಪೂರ್ತಿ ಇದರಲ್ಲೇ ಕಳೆಯುತ್ತದೆ.

ಈಗ ಗಣಿತಕ್ಕೆ ಬರೋಣ. "ಇದೆಲ್ಲ ಮೆಷಿನ್ ಮೇಲೆ ಎಲ್ಲಿ ಬೇಕಾಗುತ್ತೆ ಸರ್" ಅಂತ ಬಹಳ ಹುಡುಗರು ಕೇಳುತ್ತಾರೆ. ಬೇಕಾಗುತ್ತದೆ. ಲೇತ್ ಮೇಲೆ ಟೇಪರ್ ಟರ್ನಿಂಗ್ ಮಾಡಬೇಕು, ಅಂದರೆ ರಾಡನ್ನು ಒಂದು ತುದಿಯ ಕಡೆಗೆ ಸಣ್ಣದಾಗುತ್ತಾ ಹೋಗುವಂತೆ ಕತ್ತರಿಸಬೇಕು ಅಂದುಕೊ. ದೊಡ್ಡ ತುದಿಯ ವ್ಯಾಸ 40, ಚಿಕ್ಕ ತುದಿಯದು 30, ಟೇಪರ್ ಉದ್ದ 50 ಮಿ.ಮೀ. ಟೂಲ್ ಹಿಡಿದಿರುವ ಕಾಂಪೌಂಡ್ ರೆಸ್ಟನ್ನು ಎಷ್ಟು ಡಿಗ್ರಿಗೆ ತಿರುಗಿಸಬೇಕು? ವ್ಯಾಸಗಳ ವ್ಯತ್ಯಾಸ 10. ಅದನ್ನು ಉದ್ದದ ಎರಡರಷ್ಟರಿಂದ, ಅಂದರೆ 100ರಿಂದ ಭಾಗಿಸು. 0.1 ಬಂತು. ಯಾವ ಕೋನದ ಟ್ಯಾನ್ 0.1? ಸುಮಾರು 5.7 ಡಿಗ್ರಿ. ಅಷ್ಟಕ್ಕೆ ತಿರುಗಿಸಿ ಬೋಲ್ಟ್ ಬಿಗಿ ಮಾಡು. ನೀನು ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡದಲ್ಲೇ ಓದಿದ ತ್ರಿಕೋನಮಿತಿ ಇದೇ. ಆಗ ದೀಪಸ್ತಂಭದ ನೆರಳು ಅಳೆದೆ, ಈಗ ಲೇತ್ ಮೇಲೆ ಕೋನ ಹಿಡಿಯುತ್ತೀಯ.

ಸ್ಪೀಡ್ ಲೆಕ್ಕವೂ ಹಾಗೇ. ಮೈಲ್ಡ್ ಸ್ಟೀಲನ್ನು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಿಂದ ನಿಮಿಷಕ್ಕೆ ಸುಮಾರು 30 ಮೀಟರ್ ವೇಗದಲ್ಲಿ ಕತ್ತರಿಸಬಹುದು. 25 ಮಿ.ಮೀ. ರಾಡ್ ಇದ್ದರೆ 30ನ್ನು 1000ದಿಂದ ಗುಣಿಸಿ, 3.14 ಗುಣಿಸು 25ರಿಂದ ಭಾಗಿಸು. ಸುಮಾರು 380 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. ಇದು ತಿಳಿಯದೆ ಜೋರಾಗಿ ಓಡಿಸಿದರೆ ಟೂಲಿನ ತುದಿ ಬಿಸಿಯಾಗಿ ಹೋಗುತ್ತದೆ, ಹತ್ತು ಪೀಸಿಗೆ ಹತ್ತು ಸಲ ಗ್ರೈಂಡಿಂಗ್ ವೀಲ್ ಹತ್ತಿರ ಓಡಬೇಕು.

ಹಾಗಾಗಿ ಗಣಿತ ಓದುವ ಕ್ರಮ ಬದಲಿಸು. ಪಠ್ಯದ ಮೊದಲ ಪುಟದಿಂದ ಶುರು ಮಾಡಬೇಡ. ಹತ್ತನೇ ಕ್ಲಾಸಿನ ಪುಸ್ತಕ ಮನೆಯಲ್ಲಿ ಇನ್ನೂ ಇರುತ್ತದೆ. ಅದರಲ್ಲಿ ಬೀಜಗಣಿತ, ತ್ರಿಕೋನಮಿತಿ ಪಾಠಗಳ ಲೆಕ್ಕಗಳನ್ನು ಮೊದಲು ಮಾಡು. ಗುಣಾಕಾರ, ಭಿನ್ನರಾಶಿ, ಸಮೀಕರಣದಲ್ಲಿ ಚಿಹ್ನೆ ಬದಲಿಸೋದು, ಇಲ್ಲೇ ಹುಡುಗರು ತಪ್ಪೋದು. ಕ್ಯಾಲ್ಕುಲಸ್ ಕಷ್ಟ ಅಂತಾರೆ, ಉತ್ತರ ಪತ್ರಿಕೆ ತೆಗೆದು ನೋಡಿದರೆ ತಪ್ಪಿರೋದು ಬ್ರಾಕೆಟ್ ಬಿಡಿಸೋದರಲ್ಲಿ. ಅದು ಗಟ್ಟಿಯಾದ ಮೇಲೆ ಹಳೆ ಪ್ರಶ್ನೆ ಪತ್ರಿಕೆ ಹಿಡಿ. ಉತ್ತರ ನೋಡಿಕೊಂಡು ತಲೆ ಆಡಿಸೋದು ಓದು ಅಲ್ಲ, ಪುಸ್ತಕ ಮುಚ್ಚಿ ಮತ್ತೆ ಬರೆಯಬೇಕು.

ಇಂಗ್ಲಿಷ್ ಬಗ್ಗೆ ನೀನು ಜಾಸ್ತಿ ಬರೆದಿಲ್ಲ, ಆದರೆ ಕನ್ನಡ ಮೀಡಿಯಂ ಅಂತ ಮೊದಲ ಸಾಲಿನಲ್ಲೇ ಹೇಳಿದ್ದು ನೋಡಿದರೆ ಆ ಅಳುಕು ಇದೆ ಅನಿಸುತ್ತದೆ. ನಿನ್ನ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಮಾತನ್ನು ಕೇಳು. ಚಕ್, ಟೇಲ್‌ಸ್ಟಾಕ್, ಟೂಲ್ ಪೋಸ್ಟ್, ಫೀಡ್, ಡೆಪ್ತ್ ಆಫ್ ಕಟ್. ಈ ಪದಗಳು ನಿನಗೆ ಆಗಲೇ ಬಂದುಬಿಟ್ಟಿವೆ. ಇನ್ನು ಬೇಕಿರೋದು ಅವನ್ನು ಜೋಡಿಸುವ ಚಿಕ್ಕ ಚಿಕ್ಕ ವಾಕ್ಯಗಳು. ಪ್ರಶ್ನೆಯಲ್ಲಿ ಡಿಫೈನ್ ಅಂತ ಇದ್ದರೆ ಒಂದೆರಡು ಸಾಲು, ಎಕ್ಸ್‌ಪ್ಲೇನ್ ವಿತ್ ಸ್ಕೆಚ್ ಅಂತ ಇದ್ದರೆ ಚಿತ್ರ ಮೊದಲು, ಆಮೇಲೆ ಭಾಗಗಳ ಹೆಸರು, ಆಮೇಲೆ ಅದು ಹೇಗೆ ಕೆಲಸ ಮಾಡುತ್ತದೆ ಅನ್ನೋದು. ಚಿತ್ರ ಚೆನ್ನಾಗಿ ಬಿಡಿಸಿ ಹೆಸರು ಸರಿಯಾಗಿ ಗುರುತಿಸಿದವನ ಇಂಗ್ಲಿಷ್ ಹರುಕುಮುರುಕು ಇದ್ದರೂ ಮಾರ್ಕ್ಸ್ ಬರುತ್ತದೆ. ವಿಷಯ ಅರ್ಥವಾಗೋದೇ ಕಷ್ಟ ಅನ್ನೋ ಕಡೆ ಎಐಸಿಟಿಇಯ (ದೇಶದ ತಾಂತ್ರಿಕ ಶಿಕ್ಷಣ ಮಂಡಳಿಯ) ಇ-ಕುಂಭ್ ಅನ್ನೋ ಪೋರ್ಟಲ್ ನೋಡು. ಡಿಪ್ಲೊಮಾ ಪುಸ್ತಕಗಳನ್ನು ಕನ್ನಡದಲ್ಲೂ ಹಾಕಿದ್ದಾರೆ, ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಅದೇ ದಿನ ಅದನ್ನೇ ಇಂಗ್ಲಿಷ್‌ನಲ್ಲಿ ಐದು ಸಾಲು ಬರೆ.

ಬಸ್ಸಿನ ವಿಷಯ. ಜಗಳೂರು ಕಡೆಯಿಂದ ದಿನಾ ಓಡಾಡೋದು ಅಂದರೆ ಸಂಜೆ ಮನೆ ಮುಟ್ಟುವಷ್ಟರಲ್ಲಿ ಜೀವ ಹೈರಾಣಾಗಿರುತ್ತದೆ. ಆಗ ಗಣಿತಕ್ಕೆ ಕೂರೋಕೆ ಯಾರಿಗೂ ಆಗಲ್ಲ. ದಾವಣಗೆರೆಯಲ್ಲಿ ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ ಇವೆ. ನಿನಗೆ ಯಾವುದು ಅನ್ವಯವೋ ಅದಕ್ಕೆ ಮುಂದಿನ ಸಲ ಅರ್ಜಿ ಕರೆದ ಕೂಡಲೇ ಹಾಕು. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊ, ಕೊನೆ ದಿನ ನಾಡಕಚೇರಿ ಮುಂದೆ ನಿಲ್ಲಬೇಡ. ಅಲ್ಲಿಯವರೆಗೆ ಬಸ್ಸಿನಲ್ಲಿ ವೈವಾ ಪ್ರಶ್ನೆಗಳನ್ನು ಬಾಯಲ್ಲಿ ಹೇಳಿಕೊ, ಗಣಿತಕ್ಕೆ ಬೆಳಗಿನ ಹೊತ್ತು ಇಟ್ಟುಕೊ.

ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೂ ಒಂದು ಮಾತು ಹೇಳಿಬಿಡುತ್ತೇನೆ. ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಡಿಪ್ಲೊಮಾ ಓದುವ ಹುಡುಗಿಯರಿಗೂ ಇದೆ. ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ. ಮನೆಯ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು. ಮೆಕ್ಯಾನಿಕಲ್ ಕ್ಲಾಸಿನಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು ಇರುತ್ತಾರೆ, ಅವರಿಗೂ ಎಷ್ಟೋ ಸಲ ಈ ವಿಷಯ ಯಾರೂ ಹೇಳಿರುವುದಿಲ್ಲ.

ನಿಮ್ಮಪ್ಪನವರ ಮಾತಿಗೆ ಬರುತ್ತೇನೆ. ಅವರು ಐಟಿಐ ಅಂದಿದ್ದು ತಪ್ಪಲ್ಲ. ಒಳ್ಳೆ ಫಿಟ್ಟರ್, ಒಳ್ಳೆ ಟರ್ನರ್‌ಗೆ ಎಲ್ಲ ಕಾಲದಲ್ಲೂ ಕೆಲಸ ಇದೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಎರಡು ವರ್ಷದ ಐಟಿಐ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಮುಂದಿನ ವರ್ಷ ನಿನ್ನ ಕ್ಲಾಸಿಗೂ ಅಂಥವರು ಬರುತ್ತಾರೆ. ಅವರ ಪಕ್ಕ ಕೂತುಕೊ. ಅವರಿಗೆ ನಿನ್ನ ನೋಟ್ಸ್ ಬೇಕಾಗುತ್ತದೆ, ನಿನಗೆ ಅವರ ಕೈಚಳಕ ಬೇಕಾಗುತ್ತದೆ. ಆದರೆ ನೀನು ಈಗ ಡಿಪ್ಲೊಮಾ ಬಿಟ್ಟು ಐಟಿಐ ಸೇರಿದರೆ ಇಲ್ಲಿ ಕಳೆದ ವರ್ಷ ಸುಮ್ನೆ ಹೋಗುತ್ತದೆ. ಎರಡು ಸಬ್ಜೆಕ್ಟಿಗಾಗಿ ಅಷ್ಟು ಕಳೆದುಕೊಳ್ಳಬೇಕಿಲ್ಲ. ಇದನ್ನು ಅಪ್ಪನ ಹತ್ತಿರ ಕೂತು ಲೆಕ್ಕ ಹಾಕಿ ಹೇಳು. ಅವರಿಗೆ ಭಯ ಇರೋದು ಮಗ ಮೂರು ವರ್ಷ ಕಳೆದು ಬರಿಗೈಯಲ್ಲಿ ಬಂದಾನು ಅಂತ. ಡ್ರಾಯಿಂಗ್ ಪಾಸಾದ ಮಾರ್ಕ್ಸ್ ಕಾರ್ಡ್ ತೋರಿಸಿದ ದಿನ ಆ ಭಯ ಅರ್ಧ ಇಳಿಯುತ್ತದೆ.

ಮೆಕ್ಯಾನಿಕಲ್‌ಗೆ ಬೆಲೆ ಇಲ್ಲ ಅನ್ನೋ ಮಾತು ನನಗೆ ನೋವಾಗುತ್ತದೆ. ನಮ್ಮ ಈ ಭಾಗ ಮೆಷಿನ್ ಸದ್ದಿನಲ್ಲೇ ಬೆಳೆದದ್ದು. ದಾವಣಗೆರೆ ಹತ್ತಿ ಗಿರಣಿಗಳ ಊರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್‌ಗಳನ್ನು ತಯಾರಿಸಿತು. 1951ರಲ್ಲಿ ದಾವಣಗೆರೆಗೆ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಬಂತು, ಈಗ ಅದನ್ನು ಯುಬಿಡಿಟಿ ಅಂತೇವೆ. ಗಿರಣಿಗಳು ಮುಚ್ಚಿದವು, ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಆ ನೋವು ಈ ಊರುಗಳ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ, ಮೆಕ್ಯಾನಿಕಲ್ ಬೇಡ ಅಂತ ಹಿರಿಯರು ಅನ್ನೋದಕ್ಕೆ ಅದೂ ಒಂದು ಕಾರಣ. ಆದರೆ ಸುತ್ತ ಕಣ್ಣು ಹಾಯಿಸು. ಚನ್ನಗಿರಿ ಕಡೆ ಅಡಿಕೆ ಸುಲಿಯುವ ಮೆಷಿನ್, ನಿಮ್ಮ ಜಗಳೂರು ಕಡೆ ಮೆಕ್ಕೆಜೋಳ ಒಕ್ಕುವ ಮೆಷಿನ್, ಚಳ್ಳಕೆರೆಯ ಎಣ್ಣೆ ಮಿಲ್ಲುಗಳು, ಹರಿಹರದ ಹತ್ತಿರ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ. ಎಲ್ಲ ಕಡೆ ಬೇರಿಂಗ್ ಸವೆಯುತ್ತದೆ, ಶಾಫ್ಟ್ ಬಾಗುತ್ತದೆ, ಯಾರೋ ಒಬ್ಬರು ಅಳತೆ ತೆಗೆದು ಡ್ರಾಯಿಂಗ್ ಮಾಡಿ ಹೊಸದು ಮಾಡಿಸಬೇಕು.

ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಗಳ ಮೇಲೆ ಗಾಳಿಯಂತ್ರ ನೋಡಿರುತ್ತೀಯ. ದೂರದಿಂದ ರೆಕ್ಕೆ ನಿಧಾನಕ್ಕೆ ತಿರುಗುತ್ತಿದೆ ಅನಿಸುತ್ತದೆ. ದೊಡ್ಡ ಯಂತ್ರಗಳಲ್ಲಿ ಅದು ನಿಮಿಷಕ್ಕೆ ಹದಿನೈದಿಪ್ಪತ್ತು ಸುತ್ತು ಅಷ್ಟೇ. ಗೇರ್‌ಬಾಕ್ಸ್ ಇರುವ ಮಾದರಿಗಳಲ್ಲಿ ಜನರೇಟರ್ ಮಾತ್ರ ನಿಮಿಷಕ್ಕೆ 1500 ಸುತ್ತಿನ ಆಸುಪಾಸಿನಲ್ಲಿ ತಿರುಗಬೇಕು. ನಡುವೆ ಅಷ್ಟು ವೇಗ ಏರಿಸೋದು ಗೇರ್‌ಬಾಕ್ಸ್. ಅದರ ಎಣ್ಣೆ, ಬೇರಿಂಗ್, ಹಲ್ಲುಗಳ ಸವೆತ ನೋಡಿಕೊಳ್ಳೋದು ಮೆಕ್ಯಾನಿಕಲ್ ಓದಿದವರ ಕೆಲಸ. ಕಂಪ್ಯೂಟರ್ ಸೈನ್ಸ್ ಒಳ್ಳೆಯದೇ, ಇಷ್ಟ ಇರುವವರು ಓದಲಿ. ನಿನಗೆ ಇಷ್ಟ ಇರೋದು ವರ್ಕ್‌ಶಾಪ್ ಅಂತ ನೀನೇ ಬರೆದಿದ್ದೀಯಲ್ಲ.

ಒಂದು ನಿಜ ಮುಚ್ಚಿಡಲ್ಲ. ಖಾಸಗಿ ಕಂಪನಿಯಲ್ಲಿ ಡಿಪ್ಲೊಮಾದವರಿಗೆ ಮೊದಲ ಸಂಬಳ ಕಡಿಮೆಯೇ. ಬೆಂಗಳೂರಿನ ಪೀಣ್ಯದಲ್ಲಿ ರೂಮ್ ಬಾಡಿಗೆ, ಊಟದ ಖರ್ಚು ಕಳೆದರೆ ಮನೆಗೆ ಕಳಿಸೋಕೆ ಹೆಚ್ಚೇನೂ ಉಳಿಯಲ್ಲ. ಮೊದಲ ಎರಡು ಮೂರು ವರ್ಷ ಕಲಿಯೋಕೆ ಅಂತಲೇ ಹೋಗಬೇಕು. ಸಿಎನ್‌ಸಿ ಪ್ರೋಗ್ರಾಮಿಂಗ್, ಇನ್‌ಸ್ಪೆಕ್ಷನ್, ಟೂಲ್ ರೂಮ್, ಮೇಂಟೆನೆನ್ಸ್, ಇದರಲ್ಲಿ ಯಾವುದಾದರೂ ಒಂದನ್ನು ಗಟ್ಟಿ ಹಿಡಿದವನ ಸಂಬಳ ಆಮೇಲೆ ಏರುತ್ತದೆ. ಹರಿಹರದಲ್ಲೇ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಇದೆ. ರಜೆಯಲ್ಲಿ ಅಲ್ಲಿ ಹೋಗಿ ಅಲ್ಪಾವಧಿ ಕೋರ್ಸ್‌ಗಳ ಬಗ್ಗೆ ವಿಚಾರಿಸು.

ಬಿ.ಇ.ಯೋ ಕೆಲಸವೋ ಅನ್ನೋದಕ್ಕೆ ನನ್ನ ಅಭಿಪ್ರಾಯ ಹೀಗೆ. ಮನೆಯಲ್ಲಿ ಇನ್ನೂ ಮೂರು ವರ್ಷ ಓದಿಸುವ ಶಕ್ತಿ ಇದ್ದು, ಅಷ್ಟರೊಳಗೆ ಗಣಿತ ನಿನಗೆ ಒಗ್ಗಿದ್ದರೆ ಬಿ.ಇ. ಮಾಡು. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಡಿಪ್ಲೊಮಾದವರಿಗೆ ನಡೆಸುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ನೇರ ಎರಡನೇ ವರ್ಷಕ್ಕೆ ಸೀಟು. ಯುಬಿಡಿಟಿ ದಾವಣಗೆರೆಯಲ್ಲೇ ಇದೆ, ವಿಟಿಯುನದೇ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದೇ) ಕಾಲೇಜು. ಬಾಪೂಜಿ ಕಾಲೇಜೂ ಇದೆ, ಚಿತ್ರದುರ್ಗದಲ್ಲಿ ಎಸ್‌ಜೆಎಂ ಇದೆ. ಗಣಿತ ಕಷ್ಟಪಟ್ಟು ಪಾಸಾಗಿದ್ದರೆ, ಮನೆಯಲ್ಲಿ ದುಡ್ಡಿನ ತೊಂದರೆ ಇದ್ದರೆ ಮೊದಲು ಕೆಲಸಕ್ಕೆ ಹೋಗು. ಎರಡು ಮೂರು ವರ್ಷ ಶಾಪಿನಲ್ಲಿ ನಿಂತ ಮೇಲೆ ಓದಿದರೆ ಅದೇ ಥರ್ಮೋಡೈನಾಮಿಕ್ಸ್, ಅದೇ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಬೇರೆ ತರಹ ಅರ್ಥವಾಗುತ್ತದೆ. ಕೆಲಸ ಮಾಡುತ್ತಲೇ ಓದುವವರಿಗೆ ಬೆಂಗಳೂರಿನಲ್ಲಿ ಸಂಜೆ ಬಿ.ಇ. ಕೂಡ ಇದೆ. ನಿನ್ನ ಪತ್ರ ನೋಡಿದರೆ ನಿನಗೆ ಎರಡನೇ ದಾರಿಯೇ ಸರಿ ಅನಿಸುತ್ತದೆ.

ಕೆಲಸಕ್ಕೆ ಮುಂಚೆ ಒಂದು ವರ್ಷ ಅಪ್ರೆಂಟಿಸ್ ಮಾಡೋದನ್ನು ನಾನು ಎಲ್ಲರಿಗೂ ಹೇಳುತ್ತೇನೆ. 1961ರ ಅಪ್ರೆಂಟಿಸ್ ಕಾಯ್ದೆ ಡಿಪ್ಲೊಮಾದವರಿಗೂ ಅನ್ವಯಿಸುತ್ತದೆ, ಸ್ಟೈಪೆಂಡ್ ಕೊಡಲೇಬೇಕು. ಪಾಸಾದ ಮೇಲೆ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್ ಆದ ನ್ಯಾಟ್ಸ್‌ನಲ್ಲಿ ಹೆಸರು ನೋಂದಾಯಿಸು. ಎಚ್‌ಎಎಲ್, ಬಿಇಎಲ್‌ನಂಥ ಕಡೆ ಡಿಪ್ಲೊಮಾ ಅಪ್ರೆಂಟಿಸ್‌ಗಳನ್ನು ತಗೊಳ್ಳುತ್ತಾರೆ. ಅಲ್ಲೇ ಪರ್ಮನೆಂಟ್ ಆಗದಿರಬಹುದು, ಆದರೆ ದೊಡ್ಡ ಕಾರ್ಖಾನೆಯ ಶಿಸ್ತು ಮೈಗೆ ಹತ್ತುತ್ತದೆ. ಸರ್ಕಾರಿ ಕೆಲಸದ ಆಸೆ ಇದ್ದರೆ ರೈಲ್ವೆ ಜೂನಿಯರ್ ಎಂಜಿನಿಯರ್ ಪರೀಕ್ಷೆಗೆ ಡಿಪ್ಲೊಮಾ ಸಾಕು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದಲ್ಲೂ ಡಿಪ್ಲೊಮಾದವರಿಗೆ ಹುದ್ದೆಗಳಿವೆ. ಅವರ ವಿಮಾನ ಪರೀಕ್ಷಾ ಕೇಂದ್ರ ಚಳ್ಳಕೆರೆ ಹತ್ತಿರವೇ ಇದೆ, ಆದರೆ ನೇಮಕಾತಿ ದೇಶಕ್ಕೆಲ್ಲ ಒಂದೇ ಪರೀಕ್ಷೆಯಲ್ಲಿ ನಡೆಯುತ್ತದೆ. ಇಸ್ರೋದ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ಫಸ್ಟ್ ಕ್ಲಾಸ್ ಡಿಪ್ಲೊಮಾ ಕೇಳುತ್ತಾರೆ. ಬರೀ ಪಾಸಾದರೆ ಸಾಕು ಅನ್ನೋ ಹುಡುಗರಿಗೆ ಇದು ಗೊತ್ತಾಗೋದು ಕೊನೆ ಸೆಮಿಸ್ಟರ್‌ನಲ್ಲಿ. ನಿನಗೆ ಈಗಲೇ ಗೊತ್ತಾಗಲಿ, ಇನ್ನೂ ಐದು ಸೆಮಿಸ್ಟರ್ ಇವೆ.

ಇನ್ನೊಂದು ಎಚ್ಚರಿಕೆ. ಕ್ಯಾಂಪಸ್ ಹೊರಗೆ ಕನ್ಸಲ್ಟೆನ್ಸಿ ಅಂತ ಬೋರ್ಡ್ ಹಾಕಿಕೊಂಡು ಕೆಲಸ ಕೊಡಿಸಲು ದುಡ್ಡು ಕೇಳುವವರು ಇರುತ್ತಾರೆ. ಒಂದು ರೂಪಾಯಿಯೂ ಕೊಡಬೇಡ. ಬಾಂಡ್ ಅಂತ ಹೇಳಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳಲು ನೋಡುವ ಕಂಪನಿಗಳೂ ಇವೆ. ತೋರಿಸು, ಜೆರಾಕ್ಸ್ ಕೊಡು, ಒರಿಜಿನಲ್ ವಾಪಸ್ ತಗೊಂಡು ಬಾ.

ವರ್ಕ್‌ಶಾಪ್ ಇಷ್ಟ ಅಂದವನಿಗೆ ಇದನ್ನು ಹೇಳದೆ ಬಿಡಲಾರೆ. ಪೀಸನ್ನು ಹಿಡಿಯುವ ಚಕ್ಕನ್ನು ಬಿಗಿ ಮಾಡುವ ಚಕ್ ಕೀಯನ್ನು ಚಕ್‌ನಲ್ಲೇ ಬಿಟ್ಟು ಲೇತ್ ಆನ್ ಮಾಡಬೇಡ. ಅದು ಗುಂಡಿನ ಹಾಗೆ ಹಾರಿ ಬರುತ್ತದೆ. ಕೀ ತಿರುಗಿಸಿದ ಕೈ ಕೀಯನ್ನು ತೆಗೆದೇ ಕೆಳಗಿಳಿಯಬೇಕು, ಈ ಅಭ್ಯಾಸ ಮೊದಲ ವರ್ಷವೇ ಕೈಗೆ ಕೂರಬೇಕು. ತೋಳು ಮಡಿಚು ಅಥವಾ ಗುಂಡಿ ಹಾಕು, ಕೊರಳ ದಾರ ಒಳಗೆ ಸೇರಿಸು, ಚಿಪ್ಸ್ ಎಳೆಯೋಕೆ ಕೊಕ್ಕೆ ಬಳಸು, ಬೆರಳು ಬಳಸಬೇಡ.

ಈಗ ಈ ವಾರ ಮಾಡಬೇಕಾದ್ದು. ನಿನ್ನ ಹಳೆ ಡ್ರಾಯಿಂಗ್ ಶೀಟ್‌ಗಳನ್ನು ತಗೊಂಡು ಡ್ರಾಯಿಂಗ್ ಸರ್ ಹತ್ತಿರ ಹೋಗು. ಎಲ್ಲಿ ತಪ್ಪಾಗುತ್ತಿದೆ ಅಂತ ಕೇಳು, ಅಂಜಬೇಡ, ಕೇಳಿಕೊಂಡು ಬರುವ ಹುಡುಗ ಮೇಷ್ಟ್ರಿಗೆ ಯಾವತ್ತೂ ಇಷ್ಟವೇ. ಆಮೇಲೆ ಆಫೀಸಿಗೆ ಹೋಗಿ ಬಾಕಿ ಸಬ್ಜೆಕ್ಟ್‌ಗಳ ಪರೀಕ್ಷಾ ಶುಲ್ಕ ಕಟ್ಟಲು ಕೊನೆ ದಿನ ಯಾವುದು, ಮುಂದಿನ ವರ್ಷಕ್ಕೆ ಹೋಗಲು ಎಷ್ಟು ಸಬ್ಜೆಕ್ಟ್‌ವರೆಗೆ ಬಾಕಿ ಇರಬಹುದು ಅಂತ ನಿನ್ನ ಬ್ಯಾಚಿನ ನಿಯಮ ವಿಚಾರಿಸು, ಬರೆದಿಟ್ಟುಕೊ. ಜೊತೆಯವರ ಬಾಯಿಮಾತು ನಂಬಿ ಶುಲ್ಕದ ದಿನ ತಪ್ಪಿಸಿಕೊಂಡ ಹುಡುಗರನ್ನು ಕಂಡಿದ್ದೇನೆ. ಗಣಿತ, ಡ್ರಾಯಿಂಗ್ ಎರಡಕ್ಕೂ ಒಟ್ಟಿಗೇ ಕಟ್ಟು.